ಕಾವೇರಿಯ ಎರಡು ಸುಳಿಗಳು: ಮಾಲಂಗಿ ಮತ್ತು ಮುತ್ತತ್ತಿಯ ಐತಿಹ್ಯಗಳು

ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಯ ಸೀಮೆಯ ಮಳೆನೀರು ಶಿಂಷೆಯನ್ನು ಸೇರುತ್ತದೆ. ಶಿಂಷೆಯು ಶಿವನಸಮುದ್ರದ ಕೆಳಗೆ ಕಾವೇರಿಯನ್ನು ಕೂಡುತ್ತದೆ. ಈ ಸಂಗಮದ ಮೇಲ್ಗಡೆ, ತಲಕಾಡಿನ ಇದಿರು ದಡದಲ್ಲಿ ಮಾಲಂಗಿ. ಕೆಳಗಡೆ ಮಳವಳ್ಳಿ ತಾಲ್ಲೂಕಿನ ಮುತ್ತತ್ತಿ. ಎರಡೂ ಎಡೆಗಳಲ್ಲಿ ಹೊಳೆಯ ಮಡುವಿಗೆ ಜನ ಅಂಜುತ್ತ ಬಂದಿದ್ದಾರೆ, ಎರಡಕ್ಕೂ ಐತಿಹ್ಯಗಳುಂಟು. ಐತಿಹ್ಯವನ್ನು ನಿಜವೋ ಸುಳ್ಳೋ ಎಂದಷ್ಟೇ ಕೇಳಿ ಕೈಬಿಡುವುದು ವಾಡಿಕೆ. ಕಥೆಗಳಾಗಿ ಇವು ಏನನ್ನು ಸಾಧಿಸುತ್ತವೆ, ಏನನ್ನು ಮರೆಮಾಡುತ್ತವೆ ಎಂಬುದನ್ನು ಪರಿಶೀಲಿಸುವುದು ನಮ್ಮ ಉದ್ದೇಶ.

1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿ ತಿರುಮಲರಾಯನಿಂದ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ಇಷ್ಟು ಚರಿತ್ರೆ. ಐತಿಹ್ಯವು ಇಲ್ಲಿಂದ ಮುಂದುವರಿಯುತ್ತದೆ: ಪ್ರತಿನಿಧಿಯ ಪತ್ನಿ ಅಲಮೇಲಮ್ಮನಲ್ಲಿದ್ದ ರಂಗನಾಯಕಿಯ ಒಡವೆಗಳನ್ನು ಅರಸರು ಕೇಳಿ ಕಳುಹಿಸಿದರು. ಆಕೆ ಮುತ್ತಿನ ಮೂಗುತಿಯೊಂದನ್ನು ಒಪ್ಪಿಸಿದಳು. ಉಳಿದುದಕ್ಕಾಗಿ ಆಳುಗಳು ಬೆನ್ನಟ್ಟಲು, ಒಡವೆಗಳೊಡನೆ ಹೊಳೆಗೆ ಹಾರಿದಳು. ಹಾರುವ ಮುನ್ನ ತಲಕಾಡನ್ನು ಮರಳಿಗೂ, ಮಾಲಂಗಿಯನ್ನು ಮಡುವಿಗೂ, ಮೈಸೂರಿನ ಅರಸುಮನೆಯನ್ನು ಸಂತಾನಹೀನತೆಗೂ ಶಪಿಸಿದಳು.

ಈ ಶಾಪದ ರಚನೆ ಗಮನಾರ್ಹವಾದುದು. ಮರಳೂ ಮಡುವೂ ಕೇಳುಗನ ಕಣ್ಣಮುಂದೆಯೇ ಇವೆ. ಕಾಣದ ಮೂರನೆಯ ಮಾತಿಗೆ ಇವೆರಡೂ ಸಾಕ್ಷಿ ನುಡಿಯುತ್ತವೆ. ಕಥೆಯ ಬಲವೆಲ್ಲ ಈ ಜೋಡಣೆಯಲ್ಲಿದೆ. ಆದರೆ ಸಾಕ್ಷಿಗಳನ್ನು ಬಿಡಿಬಿಡಿಯಾಗಿ ವಿಚಾರಿಸಿದರೆ ಜೋಡಣೆ ಸಡಿಲವಾಗುತ್ತದೆ. ತಲಕಾಡಿನ ಮರಳಿಗೆ ಹೊಳೆಯ ತಿರುವು, ಮೇಲ್ಗಡೆಯ ಮಾಧವಮಂತ್ರಿ ಕಟ್ಟೆ, ಬೀಸುಗಾಳಿ ಇವನ್ನು ವಿದ್ವಾಂಸರು ಕಾರಣವಾಗಿ ಹೇಳಿದ್ದಾರೆ. ಅರಸುಮನೆಯಲ್ಲಿ ದತ್ತು ಸ್ವೀಕಾರವು ಹಲವು ಸಲ ನಡೆದುದು ನಿಜ, 2015ರಲ್ಲಿಯೂ ನಡೆಯಿತು. ಆದರೆ ಚಾಮರಾಜೇಂದ್ರ ಒಡೆಯರಿಗೆ 1884ರಲ್ಲಿ ನಾಲ್ವಡಿ ಕೃಷ್ಣರಾಜರೂ, ಜಯಚಾಮರಾಜ ಒಡೆಯರಿಗೆ 1953ರಲ್ಲಿ ಶ್ರೀಕಂಠದತ್ತರೂ ಜನಿಸಿದರು. ಒಪ್ಪುವ ನಿದರ್ಶನಗಳನ್ನು ನೆನಪು ಉಳಿಸಿಕೊಂಡಿದೆ, ಒಪ್ಪದವನ್ನು ಕೈಬಿಟ್ಟಿದೆ. ಅಷ್ಟೇ ಅಲ್ಲ, ರಾಜ್ಯವೊಂದು ಕೈಬದಲಾದ ರಾಜಕೀಯ ಘಟನೆಯನ್ನು ಶಾಪವು ಒಂದು ಮನೆತನದ ಪಾಪಪುಣ್ಯಗಳ ಲೆಕ್ಕವಾಗಿ ಮಾರ್ಪಡಿಸಿದೆ.

ಆದರೂ ಸೋತವರ ಕಡೆಯ ಹೆಣ್ಣೊಬ್ಬಳ ಸಂಕಟವನ್ನು ಗೆದ್ದವರ ನಾಡೇ ನಾಲ್ಕು ಶತಮಾನಗಳಿಂದ ಹೇಳಿಕೊಳ್ಳುತ್ತಿರುವುದು ಸಾಮಾನ್ಯ ಸಂಗತಿಯಲ್ಲ. ವಿಜಯಶಾಸನಗಳು ಹೇಳದ ಮಾತನ್ನು ಇಲ್ಲಿ ಮಡು ಹೇಳುತ್ತದೆ.

ಮುತ್ತತ್ತಿಯ ಐತಿಹ್ಯದಲ್ಲಿಯೂ ಮುತ್ತಿನ ಮೂಗುತಿಯೇ ಬರುವುದು ಕುತೂಹಲಕರ. ವನವಾಸದಲ್ಲಿ ಸೀತೆಯ ಮೂಗುತಿ ಹೊಳೆಗೆ ಬಿತ್ತು; ಆಂಜನೇಯನು ಬಾಲದಿಂದ ಮಡುವನ್ನು ಕಲಕಿ ಅದನ್ನು ಎತ್ತಿ ತಂದು ಮುತ್ತೆತ್ತಿರಾಯನಾದನು. ಮೂಗುತಿಯಲ್ಲ, ಉಂಗುರವೆಂದು ಹೇಳುವವರೂ ಉಂಟು. ಮಾಲಂಗಿಯ ಹೊಳೆ ತೆಗೆದುಕೊಂಡುದನ್ನು ಹಿಂದಿರುಗಿಸುವುದಿಲ್ಲ. ಮುತ್ತತ್ತಿಯ ಹೊಳೆ ಹಿಂದಿರುಗಿಸುತ್ತದೆ. ಮೊದಲನೆಯದು ದುರಂತ, ಎರಡನೆಯದು ಭಕ್ತಿಯ ಮಂಗಳಕಥೆ.

ಕಥಾಗುಣದಲ್ಲಿ ಮಾಲಂಗಿಯದೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಹೊಳೆಯ ಸ್ವಭಾವವನ್ನು ಹೇಳುವುದರಲ್ಲಿಯೂ ಅದೇ ಹೆಚ್ಚು ಪ್ರಾಮಾಣಿಕವಾದುದು. ಮುತ್ತತ್ತಿಗೆ ಬಂದವರು ನೀರಿಗಿಳಿದು ಸುಳಿಗೆ ಸಿಕ್ಕಿ ಪ್ರಾಣ ನೀಗಿದ ಸುದ್ದಿಯನ್ನು ಈ ಜಿಲ್ಲೆಯವರು ಮತ್ತೆ ಮತ್ತೆ ಕೇಳಿದ್ದಾರೆ. ಅವರನ್ನು ಯಾವ ಬಾಲವೂ ಎತ್ತಿ ತರಲಿಲ್ಲ. ಇದು ಕಥೆಯ ತಪ್ಪೆನ್ನುವುದಕ್ಕಿಂತ ಹೇಳುವವರ ತಪ್ಪೆನ್ನಬೇಕು. ಮುತ್ತು ದೊರೆತುದನ್ನು ವಿಸ್ತರಿಸುವವರು, ಅದಕ್ಕಾಗಿ ಸಮುದ್ರ ಲಂಘಿಸಿದವನೂ ಮಡುವನ್ನೇ ಕಲಕಬೇಕಾಯಿತೆಂಬ ಭಾಗವನ್ನು ಬೇಗ ದಾಟಿಬಿಡುತ್ತಾರೆ. ಐತಿಹ್ಯದ ಎಚ್ಚರಿಕೆ ಇರುವುದು ಅಲ್ಲಿಯೇ. ಆಂಜನೇಯನಿಗೂ ಸುಲಭವಾಗದ ಮಡುವು ಅದು. ಕಥೆಯನ್ನು ಹಾಗೆ ಹೇಳುವುದೇ ಸರಿಯಾದ ಕ್ರಮ.