ಏನೂ ಮಾಡದ ಗುಂಪು ಹೇಳಿದ್ದೇನು?

ಐವತ್ತು ದಾಟಿದ ವ್ಯಕ್ತಿಯೊಬ್ಬರು ಬೆಳಿಗ್ಗೆ ಎದ್ದಾಗ ಒಂದು ಕಣ್ಣಿಗೆ ನೋಟದ ಅರ್ಧಭಾಗ ಕತ್ತಲಾಗಿರುತ್ತದೆ. ನೋವಿಲ್ಲ, ಕಣ್ಣು ಕೆಂಪಾಗಿಲ್ಲ. ಕಣ್ಣುಗುಡ್ಡೆಯನ್ನು ಸೇರುವಲ್ಲಿ ದೃಷ್ಟಿನರಕ್ಕೆ ರಕ್ತ ಸಾಲದೆ ಅದು ಊದಿಕೊಂಡಿರುತ್ತದೆ. ರಕ್ತನಾಳದ ಉರಿಯೂತದಿಂದ ಬಂದುದಲ್ಲದ ಈ ಬಗೆಯನ್ನು ವೈದ್ಯರು ಎನ್.ಎ.ಐ.ಓ.ಎನ್. ಎಂಬ ಮೊದಲಕ್ಷರಗಳಿಂದ ಗುರುತಿಸುತ್ತಾರೆ. ಇದಕ್ಕೆ ಮಾಡುತ್ತಿದ್ದ ಒಂದು ಶಸ್ತ್ರಚಿಕಿತ್ಸೆ ಮತ್ತು ಅದನ್ನು ಪರೀಕ್ಷೆಗೊಡ್ಡಿದ ಅಧ್ಯಯನವೇ ಇಲ್ಲಿನ ವಿಮರ್ಶೆಯ ವಸ್ತು. ನಾನು ವೈದ್ಯನಲ್ಲ, ಭೌತಶಾಸ್ತ್ರದ ಮೇಷ್ಟ್ರು. ಆದರೆ ಈ ಅಧ್ಯಯನದ ತಿರುಳು ಔಷಧದಲ್ಲಿಲ್ಲ, ಅಳತೆಯಲ್ಲಿದೆ.

ಕಣ್ಣಿನ ಗೂಡಿನೊಳಗೆ ದೃಷ್ಟಿನರವು ಒಂದು ಕವಚದ ಮೂಲಕ ಹಾದುಹೋಗುತ್ತದೆ. ನರ ಮತ್ತು ಕವಚಗಳ ನಡುವೆ ಇರುವುದು ಮಿದುಳನ್ನು ಸುತ್ತುವರಿದಿರುವ ದ್ರವವೇ. ಕವಚದಲ್ಲಿ ಸಣ್ಣ ಕಿಂಡಿ ಕೊರೆದರೆ ದ್ರವ ಹೊರಬಂದು ನರದ ಮೇಲಿನ ಒತ್ತಡ ಇಳಿಯುತ್ತದೆ. 1872ರಲ್ಲೇ ಡಿ ವೆಕರ್ ಎಂಬ ವೈದ್ಯ ಈ ಶಸ್ತ್ರಚಿಕಿತ್ಸೆಯನ್ನು ವರ್ಣಿಸಿದ್ದ. ತಲೆಬುರುಡೆಯೊಳಗಿನ ಒತ್ತಡ ನಿಜವಾಗಿಯೂ ಏರಿ ದೃಷ್ಟಿನರ ಊದಿಕೊಳ್ಳುವ ಕಾಯಿಲೆಯಲ್ಲಿ ಇದನ್ನು ಇಂದಿಗೂ ಮಾಡುತ್ತಾರೆ. 1989ರಲ್ಲಿ ಅಮೆರಿಕದ ಸೆರ್ಗಾಟ್ ಮತ್ತು ಸಂಗಡಿಗರು, ದೃಷ್ಟಿ ದಿನೇ ದಿನೇ ಕುಂದುತ್ತಿದ್ದ ಕೆಲವು ಎನ್.ಎ.ಐ.ಓ.ಎನ್. ರೋಗಿಗಳಿಗೂ ಇದರಿಂದ ಗುಣವಾಯಿತೆಂದು ವರದಿ ಮಾಡಿದರು. ಅಲ್ಲಿಂದ ಅದು ವೇಗವಾಗಿ ಹರಡಿತು. ಭೌತಶಾಸ್ತ್ರದವನಿಗೂ ಈ ವಾದ ರುಚಿಸುತ್ತದೆ: ಒತ್ತಡ ಇಳಿದರೆ ಹರಿವು ಹೆಚ್ಚಬೇಕಲ್ಲವೇ? ಆದರೆ ಈ ಕಾಯಿಲೆಯಲ್ಲಿ ತಲೆಬುರುಡೆಯೊಳಗಿನ ಒತ್ತಡ ಏರಿರುವುದಿಲ್ಲ. ಇಳಿಸಲು ಹೊರಟ ಒತ್ತಡ ಅಲ್ಲಿ ಹೆಚ್ಚಾಗಿತ್ತೇ ಎಂಬ ಪ್ರಶ್ನೆ ಹಿಂದೆ ಬಿತ್ತು.

ಅಮೆರಿಕದ ರಾಷ್ಟ್ರೀಯ ನೇತ್ರ ಸಂಸ್ಥೆಯ ನೆರವಿನಿಂದ 1992ರಲ್ಲಿ ಬಹುಕೇಂದ್ರ ಪರೀಕ್ಷೆಯೊಂದು ಆರಂಭವಾಯಿತು. ರೋಗಿಗಳನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿದರು. ಒಂದಕ್ಕೆ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಎಚ್ಚರದ ತಪಾಸಣೆ ಮಾತ್ರ. ದೃಷ್ಟಿ ಅಳೆಯುವವರಿಗೆ ಯಾರು ಯಾವ ಗುಂಪಿನವರೆಂದು ತಿಳಿಸಿರಲಿಲ್ಲ. ಗುಣವಾದುದಕ್ಕೆ ಮಾನದಂಡ, ಅಕ್ಷರಫಲಕದಲ್ಲಿ ಕನಿಷ್ಠ ಮೂರು ಸಾಲು ಹೆಚ್ಚಿಗೆ ಓದುವುದು. ಈ ಮೂರರ ಆಯ್ಕೆ ಸೊಗಸಾಗಿದೆ. ಇಂಥ ಫಲಕದಲ್ಲಿ ಸಾಲಿನಿಂದ ಸಾಲಿಗೆ ಅಕ್ಷರದ ಅಳತೆ 1.26ರ ಅನುಪಾತದಲ್ಲಿ ಕುಗ್ಗುತ್ತದೆ. 1.26ರ ಘನ ಎರಡು. ಅಂದರೆ ಮೂರು ಸಾಲು ಹೆಚ್ಚಿಗೆ ಓದಿದವರು ಮೊದಲಿನ ಅರ್ಧದಷ್ಟು ಚಿಕ್ಕ ಅಕ್ಷರವನ್ನು ಓದುತ್ತಾರೆ.

1994ರ ಅಕ್ಟೋಬರಿನಲ್ಲಿ ಸೇರ್ಪಡೆಯನ್ನು ನಡುವೆಯೇ ನಿಲ್ಲಿಸಲಾಯಿತು. 1995ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಒಟ್ಟು 244 ರೋಗಿಗಳು: ಶಸ್ತ್ರಚಿಕಿತ್ಸೆಗೆ 119, ತಪಾಸಣೆಗೆ 125. ಆರು ತಿಂಗಳ ನಂತರ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಸುಧಾರಿಸಿದವರು ಶೇಕಡ 32.6. ಏನೂ ಮಾಡದ ಗುಂಪಿನಲ್ಲಿ ಶೇಕಡ 42.7!

ನನ್ನ ಪ್ರಕಾರ ಈ ಪ್ರಬಂಧದ ನಿಜವಾದ ಶೋಧ ಈ ಎರಡನೆಯ ಸಂಖ್ಯೆ. ಈ ಕಾಯಿಲೆ ತಾನಾಗಿ ಸುಧಾರಿಸುವುದು ಅಪರೂಪ ಎಂದೇ ಆವರೆಗೆ ನಂಬಲಾಗಿತ್ತು. ಗೈಗರ್ ಕೌಂಟರಿನ ಪ್ರಯೋಗ ಮಾಡಿಸುವಾಗ ಆಕರವನ್ನು ಇಡುವ ಮೊದಲು ಹಿನ್ನೆಲೆ ಎಣಿಕೆ ತೆಗೆಯಿರಿ ಎಂದು ಪ್ರತಿವರ್ಷ ಹೇಳುತ್ತೇನೆ. ಪ್ರತಿವರ್ಷ ನಾಲ್ಕಾರು ಜನ ಮರೆಯುತ್ತಾರೆ. ಕಣ್ಣಿನ ಗೂಡಿನೊಳಗೆ ಕತ್ತರಿ ಆಡಿಸಿದವರೂ ಮರೆತದ್ದು ಇದನ್ನೇ. ಹಿನ್ನೆಲೆ ಸೊನ್ನೆ ಎಂದುಕೊಂಡರೆ ಮೂವರಲ್ಲಿ ಒಬ್ಬರಿಗೆ ದೃಷ್ಟಿ ಮರಳಿದ್ದು ಚಿಕಿತ್ಸೆಯ ಸಾಧನೆಯಾಗಿಯೇ ಕಾಣುತ್ತದೆ.

ಹಾಗೆಂದು ಶೇಕಡ 42.7ನ್ನು 'ನರ ತಾನೇ ವಾಸಿಯಾಗುತ್ತದೆ' ಎಂದು ಓದುವುದೂ ತಪ್ಪು. ಪರೀಕ್ಷೆಗೆ ಸೇರಲು ದೃಷ್ಟಿ 20/64 ಅಥವಾ ಅದಕ್ಕಿಂತ ಕಡಿಮೆ ಇರಬೇಕಿತ್ತು. ಅಂದರೆ ಸಾಮಾನ್ಯ ಕಣ್ಣು 64 ಅಡಿಯಿಂದ ಓದುವುದನ್ನು 20 ಅಡಿಗೆ ಬಂದರೆ ಮಾತ್ರ ಓದಲಾಗಬೇಕು. ಅಕ್ಷರಫಲಕದ ಅಳತೆ ದಿನದಿಂದ ದಿನಕ್ಕೆ ಏರಿಳಿಯುವಂಥದು. ಒಂದು ಗೆರೆ ಎಳೆದು ಅದರ ಕೆಳಗಿನವರನ್ನಷ್ಟೇ ಆರಿಸಿಕೊಂಡರೆ, ಅಂದು ಆಕಸ್ಮಿಕವಾಗಿ ಕಡಿಮೆ ಓದಿದವರೂ ಅದರಲ್ಲಿ ಸೇರಿರುತ್ತಾರೆ. ಮುಂದಿನ ಸಲ ಅವರ ಅಳತೆ ಸರಾಸರಿಯತ್ತ ಮರಳುತ್ತದೆ. ಜೊತೆಗೆ, ಕತ್ತಲ ಭಾಗವನ್ನು ತಪ್ಪಿಸಿ ಓರೆಯಾಗಿ ನೋಡುವುದನ್ನು ರೋಗಿ ಕಲಿಯುತ್ತಾನೆ. ಇವೆಲ್ಲ ಎರಡೂ ಗುಂಪಿಗೆ ಸಮನಾಗಿ ಅನ್ವಯಿಸುವುದರಿಂದ ಹೋಲಿಕೆಗೆ ಧಕ್ಕೆಯಿಲ್ಲ. ಆದರೆ ಅಳೆದದ್ದು ಓದಿದ ಅಕ್ಷರಗಳನ್ನು, ನರದ ಆರೋಗ್ಯವನ್ನಲ್ಲ.

ನನ್ನ ಮುಖ್ಯ ಆಕ್ಷೇಪ ಬೇರೆ ಕಡೆ ಇದೆ. ಶಸ್ತ್ರಚಿಕಿತ್ಸೆ ನಿರುಪಯೋಗಿ ಎಂದಷ್ಟೇ ಅಲ್ಲ, ಹಾನಿಕರವೂ ಇರಬಹುದು ಎಂದು ಪ್ರಬಂಧ ಸಾರಿತು. ಮೂರು ಅಥವಾ ಹೆಚ್ಚು ಸಾಲು ಕಳೆದುಕೊಂಡವರು ಶಸ್ತ್ರಚಿಕಿತ್ಸೆಯಲ್ಲಿ ಶೇಕಡ 23.9, ತಪಾಸಣೆಯಲ್ಲಿ ಶೇಕಡ 12.4. ಎರಡು ಪಟ್ಟು ಎಂದರೆ ಭಯವಾಗುತ್ತದೆ. ಆದರೆ ಸೇರ್ಪಡೆ ನಡುವೆ ನಿಂತದ್ದರಿಂದ ಆರು ತಿಂಗಳ ಅಳತೆ ದೊರೆತದ್ದು ಪ್ರತಿ ಗುಂಪಿನಲ್ಲೂ ತೊಂಬತ್ತರ ಆಸುಪಾಸಿನವರಿಗೆ ಮಾತ್ರ. ಅಂದರೆ ಸುಮಾರು 22 ಜನ, 11 ಜನ. ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಬಹುದು: ವ್ಯತ್ಯಾಸ 11.5, ಅದರ ಪ್ರಮಾಣ ದೋಷ ಸುಮಾರು 5.7. ಎರಡು ಸಿಗ್ಮಾ. ಕಣಭೌತಶಾಸ್ತ್ರದಲ್ಲಿ ಇಷ್ಟಕ್ಕೆ ಯಾರೂ ಹೊಸ ಕಣ ಸಿಕ್ಕಿತೆನ್ನುವುದಿಲ್ಲ. ರೋಗಿಯ ಕಣ್ಣು ಪಣಕ್ಕಿರುವಾಗ ಐದು ಸಿಗ್ಮಾಕ್ಕೆ ಕಾಯಲಾಗದು ನಿಜ. ನಿಲ್ಲಿಸಿದ್ದು ಸರಿಯಾದ ನಿರ್ಧಾರವೇ. ಆದರೆ ನಿಲ್ಲಿಸಲು ಸಾಕಾಗುವ ಸಾಕ್ಷ್ಯವೂ 'ಹಾನಿಕರ' ಎಂದು ಬರೆಯಲು ಬೇಕಾದ ಸಾಕ್ಷ್ಯವೂ ಒಂದೇ ಅಲ್ಲ. 2000ದಲ್ಲಿ ಬಂದ ಎರಡು ವರ್ಷಗಳ ಫಲಿತಾಂಶದಲ್ಲಿ ಆ ಅಂತರ ಉಳಿಯಲಿಲ್ಲ. ಎರಡೂ ಗುಂಪಿನಲ್ಲಿ ಸುಮಾರು ಶೇಕಡ 30 ಜನ ಸುಧಾರಿಸಿದ್ದರು, ಐವರಲ್ಲಿ ಒಬ್ಬರಷ್ಟು ಕೆಟ್ಟಿದ್ದರು. ಉಪಯೋಗವಿಲ್ಲ ಎಂಬ ತೀರ್ಮಾನ ಗಟ್ಟಿಯಾಯಿತು, ಹಾನಿಯ ಮಾತು ಸಡಿಲವಾಯಿತು. ಮೊದಲ ಪ್ರಬಂಧವನ್ನು ಉದ್ಧರಿಸುವವರು ಎರಡನೆಯದನ್ನೂ ಜೊತೆಗಿಟ್ಟು ಓದಬೇಕು.

ಶಸ್ತ್ರಚಿಕಿತ್ಸಕರ ಪರಿಣತಿ ಒಂದೇ ಮಟ್ಟದ್ದಲ್ಲ ಎಂಬ ಟೀಕೆಯೂ ಬಂದಿತ್ತು. ಇದು ನನಗೆ ಅಷ್ಟಾಗಿ ಒಪ್ಪಿಗೆಯಾಗದು. ರೋಗಿಗೆ ಸಿಗುವುದು ಅಂಥ ಬೇರೆಬೇರೆ ಕೈಗಳೇ ತಾನೆ. ಹುಸಿ ಶಸ್ತ್ರಚಿಕಿತ್ಸೆ ಮಾಡದೆ ಇದ್ದುದರಿಂದ ರೋಗಿಗಳಿಗೆ ತಮ್ಮ ಗುಂಪು ಗೊತ್ತಿತ್ತು ಎಂಬುದು ಇದಕ್ಕಿಂತ ತೂಕದ ಮಾತು. ಆದರೆ ಆ ಅರಿವು ಫಲಿತಾಂಶವನ್ನು ವಾಲಿಸುವುದಾದರೆ ಶಸ್ತ್ರಚಿಕಿತ್ಸೆಯ ಕಡೆಗೇ ವಾಲಿಸಬೇಕಿತ್ತು.

ಮುಂದೆ ಕಾಕ್ರೇನ್ ಸಂಸ್ಥೆಯವರು ಈ ವಿಷಯದ ಪರೀಕ್ಷೆಗಳನ್ನೆಲ್ಲ ಹುಡುಕಿದಾಗ, ಲೆಕ್ಕಕ್ಕೆ ತೆಗೆದುಕೊಳ್ಳುವಂಥ ಯಾದೃಚ್ಛಿಕ ಪರೀಕ್ಷೆ ಸಿಕ್ಕಿದ್ದು ಇದೊಂದೇ. ರೋಗಿಗಳನ್ನು ತಂಡ ಇನ್ನೂ ಕೆಲವು ವರ್ಷ ಬಿಡದೆ ಹಿಂಬಾಲಿಸಿತು. ಸುಮಾರು ಐದು ವರ್ಷಗಳಲ್ಲಿ ಶೇಕಡ 15ರಷ್ಟು ಜನರ ಇನ್ನೊಂದು ಕಣ್ಣಿಗೂ ಇದೇ ಕಾಯಿಲೆ ಬಂತು. 'ಇನ್ನೊಂದು ಕಣ್ಣಿನ ಗತಿಯೇನು ಡಾಕ್ಟರೇ?' ಎಂದು ಕೇಳುವ ರೋಗಿಗೆ ನೇತ್ರವೈದ್ಯರು ಕೊಡುವ ಸಂಖ್ಯೆ ಬಂದಿರುವುದು ಅಲ್ಲಿಂದಲೇ.