ನೋಯುವ ಕೈಗೊಂದು ಗಿಟಾರ್

ಬೆರಳು ನೋಯುವವರಿಗೆ ಹೊಂದುವ ಎಲೆಕ್ಟ್ರಿಕ್ ಗಿಟಾರ್ ಯಾವುದು ಎಂದು ಕೇಳಿದರೆ ನಾನು ಮೊದಲು ಹೇಳುವ ಹೆಸರು ಫೆಂಡರ್ ಮಸ್ಟಾಂಗ್. 1964ರಲ್ಲಿ ಅಮೆರಿಕದಲ್ಲಿ ಇದು ಬಂದಾಗ ಕಲಿಯುವ ಮಕ್ಕಳ ವಾದ್ಯವೆಂದೇ ಎಣಿಕೆ. ಆದರೆ ಇದರ ದೊಡ್ಡ ಗುಣ ಅಳತೆಯಲ್ಲಿದೆ. ಫೆಂಡರ್‌ನದೇ ಸ್ಟ್ರಾಟೋಕಾಸ್ಟರ್ ಗಿಟಾರಿನಲ್ಲಿ ಮಿಡಿಯುವ ತಂತಿಯ ಉದ್ದ 25.5 ಇಂಚು, ಮಸ್ಟಾಂಗಿನಲ್ಲಿ 24. ಒಂದೂವರೆ ಇಂಚು ಯಾವ ಲೆಕ್ಕ ಅನ್ನಿಸಬಹುದು. ಆದರೆ ಶ್ರುತಿಯೂ ತಂತಿಯ ದಪ್ಪವೂ ಅವೇ ಇದ್ದರೆ ಬಿಗಿತವು ಉದ್ದದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಅಂದರೆ ಸುಮಾರು ಶೇ. 11ರಷ್ಟು ಕಡಿಮೆ. ಗಿಟಾರಿನ ಕುತ್ತಿಗೆಯ ಮೇಲಿನ ಅಡ್ಡಪಟ್ಟಿಗಳಾದ ಫ್ರೆಟ್‌ಗಳೂ ಹತ್ತಿರವಾಗುವುದರಿಂದ ಕಿರುಬೆರಳನ್ನು ಅಷ್ಟು ಚಾಚಬೇಕಿಲ್ಲ. ತೆಳು ತಂತಿ ಕಟ್ಟಿ ಶ್ರುತಿಯನ್ನು ಅರ್ಧ ಸ್ವರ ಇಳಿಸಿದರೆ ಕೈಗೆ ಇನ್ನಷ್ಟು ಹಗುರ.

ಹೀಗೆ ಕೈಗೆ ಹಗುರ ಮಾಡಿಕೊಳ್ಳುವುದು ಸೋತವರ ದಾರಿಯಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಗಿಟಾರ್ ವಾದಕ ಟೋನಿ ಅಯೋಮಿ 1965ರಲ್ಲಿ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ, ತಂತಿ ಒತ್ತುವ ಕೈಯ ಎರಡು ಬೆರಳ ತುದಿ ಕಳೆದುಕೊಂಡರು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡರು, ಚರ್ಮ ಹೊದಿಸಿದರು, ಬ್ಯಾಂಜೋದ ತೆಳು ತಂತಿ ಕಟ್ಟಿದರು, ಮುಂದೆ ಶ್ರುತಿಯನ್ನೂ ಇಳಿಸಿದರು. ಅವರ ರಾಕ್ ತಂಡ ಬ್ಲ್ಯಾಕ್ ಸಬ್ಬತ್‌ನ ಆ ಗಾಢ ನಾದಕ್ಕೆ ನೋವು ತಗ್ಗಿಸಿಕೊಳ್ಳುವ ಈ ಉಪಾಯಗಳ ಪಾಲೂ ಇದೆ. ನನಗಂತೂ ಇದಕ್ಕಿಂತ ದೊಡ್ಡ ಧೈರ್ಯ ಬೇರೆ ಬೇಕಿಲ್ಲ.

ಎಲ್ಲ ಕೈಗೂ ಒಂದೇ ಗಿಟಾರ್ ಒಗ್ಗುವುದಿಲ್ಲ; ಕುತ್ತಿಗೆಯ ದಪ್ಪ, ಒಟ್ಟು ತೂಕ ಎರಡೂ ಮುಖ್ಯ. ಕೊಳ್ಳುವ ಮುನ್ನ ಅಂಗಡಿಯಲ್ಲೇ ಕೂತು ಸಾವಕಾಶವಾಗಿ ನುಡಿಸಿ ನೋಡಿ. ನೋವು ಬಿಡದಿದ್ದರೆ ಮೊದಲು ವೈದ್ಯರಿಗೆ ಕೈ ತೋರಿಸಿ.