‘ಗೃಹಭಂಗ’ ಧಾರಾವಾಹಿ: ನೋಡದವರನ್ನು ಕರೆತರುವ ಬಗೆ

ಒಳ್ಳೆಯ ಕೃತಿಯೊಂದನ್ನು ಮೆಚ್ಚುವುದು ಸುಲಭ. ಅದನ್ನು ಕಾಣದವರಲ್ಲಿ ಕಾಣುವ ಬಯಕೆಯನ್ನು ಹುಟ್ಟಿಸುವುದು ಬಹು ಕಷ್ಟ. ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ವನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ಕಿರುತೆರೆಗೆ ನಿರ್ದೇಶಿಸಿದ ಧಾರಾವಾಹಿಯ ವಿಷಯದಲ್ಲಿ ಈ ಕಷ್ಟ ನನಗೆ ಹಲವು ಬಾರಿ ಎದುರಾಗಿದೆ. ಈ ಶತಮಾನದ ಆರಂಭದ ವರ್ಷಗಳಲ್ಲಿ ಈಟಿವಿ ಕನ್ನಡ ವಾಹಿನಿಯಲ್ಲಿ ಅದು ಪ್ರಸಾರವಾದಾಗ ಅಂದಿನ ಕಂತನ್ನು ತಪ್ಪಿಸಿಕೊಳ್ಳದ ಮನೆಗಳನ್ನು ನಾನು ಬಲ್ಲೆ. ಇಂದು ತುಮಕೂರಿನ ಕಾಲೇಜು ವಿದ್ಯಾರ್ಥಿಗಳಲ್ಲಿ ಕೇಳಿದರೆ ಕಾದಂಬರಿಯ ಹೆಸರನ್ನು ಹೇಳುವವರುಂಟು. ಧಾರಾವಾಹಿಯನ್ನು ಕಂಡವರು ವಿರಳ. ಕಥೆ ನಡೆಯುವುದಾದರೋ ನಮ್ಮ ಸೀಮೆಯಲ್ಲಿಯೇ: ಗುಬ್ಬಿಯ ರೈಲುಹಾದಿಯಲ್ಲಿ ಮುಂದೆ ಸಿಗುವ ತಿಪಟೂರು, ಅದರಾಚೆಯ ಚನ್ನರಾಯಪಟ್ಟಣ, ಇವುಗಳ ನಡುವಿನ ಹಳ್ಳಿಗಳಲ್ಲಿ.

ಪ್ರೇಕ್ಷಕರನ್ನು ಕರೆತರುವ ವಿದ್ಯೆಯನ್ನು ಗುಬ್ಬಿಯವರಿಗೆ ಯಾರೂ ಕಲಿಸಬೇಕಾಗಿಲ್ಲ. 1884ರಲ್ಲಿ ಆರಂಭವಾದ ಚನ್ನಬಸವೇಶ್ವರ ನಾಟಕ ಸಂಘವು ವೀರಣ್ಣನವರ ಕಾಲದಲ್ಲಿ ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆಯನ್ನೇ ರಂಗಕ್ಕೆ ತಂದಿತು. ಆನೆಯನ್ನು ನೋಡಲು ಬಂದವನು ನಾಟಕವನ್ನು ನೋಡಿಕೊಂಡು ಹೋದನು. ಆದರೆ ‘ಗೃಹಭಂಗ’ದಲ್ಲಿ ಆನೆಯಿಲ್ಲ. ಇರುವುದು ಒಂದು ಶಾನುಭೋಗಿಕೆಯ ಮನೆ, ಬಾಯಿ ಬಿಟ್ಟರೆ ಬೈಗುಳವನ್ನೇ ಸುರಿಸುವ ಅತ್ತೆ ಗಂಗಮ್ಮ, ಹೊಟ್ಟೆಯೊಂದನ್ನೇ ನೆಚ್ಚಿದ ಗಂಡ ಚೆನ್ನಿಗರಾಯ, ಇವರ ನಡುವೆ ನಂಜಮ್ಮ. ಇದನ್ನು ಮೆಚ್ಚಿದವರಾದ ನಾವು ಆನೆಯ ಸ್ಥಾನದಲ್ಲಿ ದುಃಖವನ್ನು ನಿಲ್ಲಿಸಿದೆವು. “ನೋಡಿ, ಕಣ್ಣೀರು ನಿಲ್ಲುವುದಿಲ್ಲ” ಎಂಬುದೇ ನಮ್ಮ ಜಾಹೀರಾತಾಯಿತು. ನಾವು ತಪ್ಪಿದ್ದು ಇಲ್ಲಿ ಎಂದು ನನಗೆ ತೋರುತ್ತದೆ.

ಕುಣಿಗಲ್ಲಿನ ಬಂಧುವೊಬ್ಬರ ಮನೆಯಲ್ಲಿ ನಡೆದುದನ್ನು ಹೇಳುತ್ತೇನೆ. ಅವರ ಮೊಮ್ಮಗನಿಗೆ ನಾನು ಈ ಕಣ್ಣೀರಿನ ಮಾತನ್ನೇ ಹೇಳಿದ್ದೆ. ಹುಡುಗನು ವಿನಯದಿಂದ ಕೇಳಿ ಎದ್ದುಹೋದನು. ಮುಂದೊಂದು ದಿನ ಏನನ್ನೂ ಹೇಳದೆ, ನಂಜಮ್ಮ ಗಂಡನ ಲೆಕ್ಕದ ಪುಸ್ತಕಗಳನ್ನು ತಾನೇ ಬರೆಯುವ ಭಾಗವನ್ನು ತೋರಿಸಿದೆನು. “ಕೆಲಸ ಇವಳದು, ಹುದ್ದೆ ಅವನದು ಏಕೆ?” ಎಂದು ಅವನು ಕೇಳಿದನು. ವಂಶಪಾರಂಪರ್ಯದ ಗ್ರಾಮಾಧಿಕಾರಗಳು 1961ರ ಕಾಯಿದೆಯಿಂದ ರದ್ದಾದುವು. ಶಾನುಭೋಗರೆಂದರೆ ಯಾರು, ವರ್ಷಕ್ಕೊಮ್ಮೆ ಬರುತ್ತಿದ್ದ ಪೋಟಿಗೆ ಎಂದರೇನು ಎಂಬುದನ್ನು ಅವನಿಗೆ ಹೇಳುವವರಾರು? ಒಳಮನೆಯಿಂದ ಅಜ್ಜಿ ಬಂದು ಕುಳಿತರು. ನಂಜಮ್ಮ ಮುತ್ತುಗದ ಎಲೆಗಳನ್ನು ಜೋಡಿಸುವುದನ್ನು ಕಂಡು ಹುಡುಗನು “ಎಲೆ ಹೊಲೀತಾಳೆ” ಎಂದನು. “ಹೊಲಿಯೋದಲ್ಲ ಕಣಪ್ಪಾ, ಹಚ್ಚೋದು” ಎಂದರು ಅಜ್ಜಿ. ಅನಂತರ ಒಂದು ಗಂಟೆ ಮಾತನಾಡಿದವರು ಅವರಿಬ್ಬರೇ. ನನಗೆ ಅಲ್ಲಿ ಕೆಲಸವಿರಲಿಲ್ಲ.

ನಂಜಮ್ಮ ಅಳುವುದಕ್ಕಾಗಿ ಸೃಷ್ಟಿಯಾದವಳಲ್ಲ. ಲೆಕ್ಕ ಬರೆದು, ಎಲೆ ಹಚ್ಚಿ, ಮಕ್ಕಳ ಹೊಟ್ಟೆಗೂ ವಿದ್ಯೆಗೂ ದಾರಿ ಮಾಡಿದವಳು. ‘ಘಟಶ್ರಾದ್ಧ’, ‘ತಬರನ ಕಥೆ’ಗಳ ನಿರ್ದೇಶಕರಾದ ಕಾಸರವಳ್ಳಿಯವರಿಗೆ ಈ ಮರ್ಮ ತಿಳಿದಿತ್ತು, ಪಾತ್ರಧಾರಿಣಿ ಮಾಳವಿಕಾ ಅವರಿಗೂ ತಿಳಿದಿತ್ತು. ದುಡಿಮೆಗೆ ಬೇಕಾದಷ್ಟು ಹೊತ್ತನ್ನು ಇಲ್ಲಿ ಕೊಡಲಾಗಿದೆ. ಹೊಸಬರು ಇದನ್ನೇ ‘ನಿಧಾನ’ವೆಂದು ದೂರುತ್ತಾರೆ. ಆ ದೂರಿನಲ್ಲಿ ಸ್ವಲ್ಪ ಹುರುಳಿಲ್ಲದಿಲ್ಲ. ಪುಸ್ತಕದಲ್ಲಿ ಅರ್ಧ ಪುಟಕ್ಕೆ ಮುಗಿಯುವ ಗಂಗಮ್ಮನ ಜಗಳ ತೆರೆಯ ಮೇಲೆ ಕಿವಿಗೆ ಭಾರವಾಗುತ್ತದೆ. ಓದುಗನು ಪುಟ ಮಗುಚಬಲ್ಲನು, ನೋಡುಗನು ಏನು ಮಾಡಬೇಕು? ಆದಕಾರಣ ಮೊದಲ ಕಂತಿನಿಂದಲೇ ಆರಂಭಿಸಬೇಕೆಂಬ ಹಠ ಬೇಡ. ಬೈಗುಳದ ತುಣುಕುಗಳನ್ನು ಮಾತ್ರ ಆಯ್ದು ನಗೆಗಾಗಿ ತೋರಿಸುವುದಂತೂ ಕೃತಿಗೆ ಮಾಡುವ ಅನ್ಯಾಯವೇ ಸರಿ.

ಮಠದ ಅನ್ನವನ್ನುಂಡು ಓದಿದ ನಮ್ಮಂಥವರಿಗೆ ಬೇರೊಂದು ಬಾಗಿಲೂ ಉಂಟು. ಅದು ಮಾದೇವಯ್ಯನವರ ಪಾತ್ರ. ಭಿಕ್ಷೆಯಿಂದ ಜೀವಿಸುವ ಈ ಜಂಗಮರು ತಮ್ಮ ಜಾತಿಯದಲ್ಲದ ಮನೆಯೊಂದರ ಮಕ್ಕಳಿಗೆ ಹಿರಿಯರಾಗಿ ನಿಲ್ಲುತ್ತಾರೆ. ಉಪದೇಶ ಕಡಿಮೆ, ಆಸರೆ ಹೆಚ್ಚು. ಜೋಳಿಗೆಯ ಅರ್ಥವನ್ನು ಬಲ್ಲ ಹಳೆಯ ವಿದ್ಯಾರ್ಥಿಗೆ ಈ ಪಾತ್ರವನ್ನು ಪರಿಚಯಿಸಲು ಪೀಠಿಕೆ ಬೇಕಿಲ್ಲ. ಕಂತುಗಳು ಕೈಗೆ ದೊರೆತಲ್ಲಿ ಒಂದು ಸಂಜೆಗೆ ಒಂದನ್ನು ಮಾತ್ರ ತೋರಿಸಲಿ. ಪಕ್ಕದಲ್ಲಿ ಹಳ್ಳಿಯ ಹಿರಿಯರೊಬ್ಬರಿರಲಿ. ‘ಪೋಟಿಗೆ’, ‘ಎಲೆ ಹಚ್ಚುವುದು’ ಮೊದಲಾದ ಮಾತುಗಳಿಗೆ ಅರ್ಥ ಹೇಳಬಲ್ಲವರು ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ. 1970ರಲ್ಲಿ ಈ ಕಥೆಯನ್ನು ಕೊಟ್ಟ ಭೈರಪ್ಪನವರೂ 2025ರಲ್ಲಿ ನಮ್ಮನ್ನಗಲಿದರು.

ಕಥೆಯ ಕೊನೆಯನ್ನು ಮಾತ್ರ ಯಾರೂ ಮೊದಲೇ ಹೇಳಬಾರದು. ಕುಣಿಗಲ್ಲಿನ ಹುಡುಗನು ಈಗ ಪ್ಲೇಗಿನ ಭಾಗಕ್ಕೆ ಸಮೀಪಿಸಿದ್ದಾನೆ. ಊರು ಬಿಟ್ಟು ಹೊರಗೆ ಗುಡಿಸಲು ಹಾಕಿಕೊಂಡ ಕಾಲವನ್ನು ಅಜ್ಜಿ ತಮ್ಮ ತಾಯಿಯಿಂದ ಕೇಳಿಬಲ್ಲರು, ಕಾದಂಬರಿಯನ್ನೂ ಓದಿದ್ದಾರೆ. “ಮುಂದೇನಾಗುತ್ತೆ ಅಜ್ಜಿ?” ಎಂದು ಅವನು ಕೇಳಿದರೆ, “ನೋಡು” ಎನ್ನುತ್ತಾರಂತೆ.